ಬೇರಿಗೆ ಹತ್ತಿದ ಬೆಂಕಿ

ಕುಮಾರಪರ್ವತದ ಹಾದಿಯಲ್ಲಿ ಆಗ ಈಗಿನಷ್ಟು ಜನ ಇರುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನಮ್ಮಲ್ಲಿ ಯಾರ ಬಳಿಯೂ ಮೊಬೈಲ್ ಇರಲಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿಯುವುದು, ಕುಮಾರಧಾರೆಯಲ್ಲಿ ಮುಳುಗಿ ಎದ್ದು ದೇವರಿಗೆ ಕೈ ಮುಗಿಯುವುದು, ಬನ್ಸೋ ಗೋಳಿಬಜೆಯೋ ತಿಂದು ಕಾಡುದಾರಿ ಹಿಡಿಯುವುದು. ನಾವು ಹೋದದ್ದು ಫೆಬ್ರವರಿ ಕೊನೆಯಲ್ಲಿ, ಶಿವರಾತ್ರಿಯ ಆಸುಪಾಸು. ಅಕ್ಕ, ಭಾವ, ನಾನು, ಜೊತೆಗೆ ಹೈಸ್ಕೂಲಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು.

ಮೇಷ್ಟ್ರ ಚೀಲ ನೋಡಿದರೆ ಅವರು ಕಾಡಿಗೆ ಹೊರಟವರೋ ತೋಟದ ಕೆಲಸಕ್ಕೆ ಹೊರಟವರೋ ತಿಳಿಯುತ್ತಿರಲಿಲ್ಲ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಕಡಲೆಕಾಯಿ ಚಿಕ್ಕಿ ಎಲ್ಲವನ್ನೂ ಅಂಗಡಿಯ ಪ್ಲಾಸ್ಟಿಕ್ಕಿನಿಂದ ಬಿಡಿಸಿ ಬಟ್ಟೆಯ ಚೀಲಗಳಿಗೆ ತುಂಬಿಕೊಂಡು ಬಂದಿದ್ದರು. ಮನೆಯಲ್ಲಿ ಬಿಟ್ಟು ಬಂದ ಕವರು ಕಾಡಿಗೆ ಬೀಳುವುದಿಲ್ಲ ಎನ್ನುವುದು ಅವರ ಲೆಕ್ಕ. ಕಸಕ್ಕೆಂದೇ ಒಂದು ಖಾಲಿ ಚೀಲ. ಜೊತೆಗೆ ಒಂದು ಸಣ್ಣ ಕೈಗುದ್ದಲಿ. ಅದು ಯಾಕೆ ಎಂದು ಭಾವ ಕೇಳಿದ್ದಕ್ಕೆ, "ಬೆಳಿಗ್ಗೆ ಎದ್ದ ಮೇಲೆ ಬೇಕಾಗ್ತದೆ, ಆಗ ನೀವೇ ಕೇಳ್ತೀರಿ" ಎಂದರು. ಬೆಳಗಿನ ಶೌಚಕ್ಕೆ ನೀರಿನ ಜಾಗದಿಂದ ಎಪ್ಪತ್ತು ಹೆಜ್ಜೆಯಾದರೂ ದೂರ ಹೋಗಬೇಕು, ಗೇಣುದ್ದ ಗುಂಡಿ ತೋಡಬೇಕು, ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಮೇಲುಮಣ್ಣಿನಲ್ಲಿ ಇರುವ ಜೀವಿಗಳೇ ಅದನ್ನು ಕರಗಿಸುತ್ತವೆ, ತೀರಾ ಆಳಕ್ಕೆ ತೋಡಿದರೆ ಆ ಕೆಲಸ ಆಗುವುದಿಲ್ಲ. ಇದನ್ನು ಅವರು ಪಾಠ ಮಾಡಿದ ಹಾಗೆಯೇ ವಿವರಿಸಿದರು. ಅಕ್ಕ ನಗುತ್ತಲೇ ಎಪ್ಪತ್ತು ಹೆಜ್ಜೆಯನ್ನು ಬಾಯಿಪಾಠ ಮಾಡಿಕೊಂಡಳು.

ಆ ನೀರಿನ ವಿಷಯದಲ್ಲಿ ಮೇಷ್ಟ್ರು ಅಷ್ಟು ಕಟ್ಟುನಿಟ್ಟಾಗಿದ್ದದ್ದಕ್ಕೆ ಕಾರಣವಿತ್ತು. ಕುಮಾರಧಾರೆ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಕೊಡಗಿನ ಕಡೆ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಕ್ಕೆಯಲ್ಲಿ ಭಕ್ತರ ಸ್ನಾನಘಟ್ಟವಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ನದಿ ಅದು. ಮೇಲೆ ತೊರೆಯಲ್ಲಿ ಸೋಪು ಹಚ್ಚಿ ಸ್ನಾನ ಮಾಡಿದವನು ಕೆಳಗೆ ತೀರ್ಥವೆಂದು ಬೊಗಸೆ ಎತ್ತುವವರ ನೀರಿಗೇ ಸೋಪು ಕಲಸಿದ ಹಾಗೆ. ತೊರೆಯಲ್ಲಿ ಸೀಗೆಪುಡಿಯೂ ಬೇಡ ಎಂದರು ಮೇಷ್ಟ್ರು. ನೀರನ್ನು ಪಾತ್ರೆಯಲ್ಲಿ ತುಂಬಿಕೊಂಡು ದೂರ ಹೋಗಿ ಮುಖ ತೊಳೆದುಕೊಳ್ಳಿ ಎಂದರು.

ಕುಕ್ಕೆಯಿಂದ ಗಿರಿಗದ್ದೆಯವರೆಗೆ ಮೈಲಿಗಟ್ಟಲೆ ಏರು. ದಟ್ಟ ಕಾಡು, ಭೀಮನ ಬಂಡೆ, ಮತ್ತೆ ಕಾಡು. ಅದು ಮುಗಿದು ಬಯಲು ತೆರೆದಾಗ ಬಿಸಿಲು ನೆತ್ತಿಗೇರಿತ್ತು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ. ಅನ್ನ, ಸಾಂಬಾರು, ಮಜ್ಜಿಗೆ. ಆ ಹಸಿವಿಗೆ ಅದಕ್ಕಿಂತ ರುಚಿಯಾದದ್ದನ್ನು ನಾನು ಉಂಡಿಲ್ಲ. ಉಂಡೆದ್ದು ಅರಣ್ಯ ಇಲಾಖೆಯ ಕಟ್ಟೆಗೆ ಬಂದು ಹೆಸರು ಬರೆಸಿದೆವು. ಅಲ್ಲಿದ್ದ ವಾಚರಿಗೆ ಐವತ್ತರ ಹತ್ತಿರದ ವಯಸ್ಸು. ಮಲೆಕುಡಿಯರು. ಕುಕ್ಕೆಯ ಚಂಪಾಷಷ್ಠಿಯ ತೇರನ್ನು ಹಗ್ಗ ಬಳಸದೆ ಬಿದಿರು, ಬೆತ್ತಗಳಿಂದಲೇ ಕಟ್ಟುವ ಸಮುದಾಯ ಅವರದು. ಪ್ರತಿವರ್ಷ ಬೆತ್ತ ತರಲು ಕಾಡಿಗೆ ಇಳಿಯುವವರ ಗುಂಪಿನಲ್ಲಿ ತಾವೂ ಇರುತ್ತೇವೆ ಎಂದು ಮಾತಿನ ನಡುವೆ ಹೇಳಿದರು. ಟೆಂಟು ಎಲ್ಲಿ ಹಾಕಬೇಕೆಂದು ಅವರೇ ತೋರಿಸಿದರು. ಮೊದಲೇ ಹುಲ್ಲು ಸವೆದು ಮಣ್ಣು ಕಾಣುತ್ತಿದ್ದ ಜಾಗ. ಹೊಸ ಹುಲ್ಲನ್ನು ಮೆಟ್ಟಿ ಇನ್ನೊಂದು ಬೋಳು ಮಾಡಬೇಡಿ ಎಂದರು. ಆಮೇಲೆ ಹೇಳಿದ ಮಾತು ಒಂದೇ.

"ಬೆಂಕಿ ಮಾತ್ರ ಹಾಕ್ಬೇಡಿ ಮಾರಾಯ್ರೇ. ಹುಲ್ಲು ಪೂರ್ತಿ ಒಣಗಿ ಉಂಟು."

ಒಣಗಿತ್ತು ಅಂದರೆ ಹೇಗೆ? ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಫೆಬ್ರವರಿಗೆ ಬಂಗಾರದ ಬಣ್ಣಕ್ಕೆ ತಿರುಗಿ, ಗಾಳಿ ಬೀಸಿದರೆ ಸರಸರ ಸದ್ದು ಮಾಡುತ್ತದೆ. ಇಡೀ ಇಳಿಜಾರು ಅದೇ. ನಡುನಡುವೆ ಮಡಿಲಿನಂಥ ತಗ್ಗುಗಳಲ್ಲಿ ಶೋಲೆ ಕಾಡಿನ ಕಪ್ಪು ಹಸಿರು. ನಾವು ಅಲ್ಲಿ ನಿಂತು ಅದರ ಅಂದ ನೋಡುತ್ತಿದ್ದರೆ ವಾಚರ್ ಆ ಹುಲ್ಲನ್ನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದರು.

ಸಂಜೆಗೆ ಇನ್ನೊಂದು ತಂಡ ಬಂತು. ಹತ್ತು ಹನ್ನೆರಡು ಹುಡುಗರು, ಟೇಪ್ ರೆಕಾರ್ಡರು, ಕೋಳಿ, ಮಸಾಲೆ ಪುಡಿ. ಅವರಿಗೂ ವಾಚರ್ ಅದೇ ಮಾತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗರು ಸರಿ ಸರಿ ಎಂದು ತಲೆಯಾಡಿಸಿ, ಸ್ವಲ್ಪ ದೂರದಲ್ಲಿ ದಿಬ್ಬದ ಮರೆಗೆ ಟೆಂಟು ಹಾಕಿದರು. ಕತ್ತಲಾದ ಮೇಲೆ ದಿಬ್ಬದ ಹಿಂದೆ ಕೆಂಪು ಬೆಳಕು ಕಾಣಿಸಿತು. ವಾಚರ್ ಟಾರ್ಚ್ ಹಿಡಿದು ಹೋದರು, ಮೇಷ್ಟ್ರೂ ನಾನೂ ಅವರ ಹಿಂದೆ. ಶೋಲೆಯ ಅಂಚಿನಲ್ಲಿ ಸತ್ತ ಮರದ ಹಳೆಯ ಬೊಡ್ಡೆ ಒಂದಿತ್ತು. ಗಾಳಿ ತಾಕಬಾರದೆಂದು ಅದರ ಬುಡಕ್ಕೆ ಒತ್ತಿ ಬೆಂಕಿ ಹಾಕಿದ್ದರು. ವಾಚರ್ ಕೂಗಾಡಲಿಲ್ಲ. ಆರಿಸಿ ಎಂದರು, ಅಷ್ಟೆ. ಹುಡುಗರು ಗೊಣಗಿಕೊಂಡು ಅರ್ಧ ಬಕೆಟ್ ನೀರು ಎರಚಿ, ಕಾಲಿನಿಂದ ಮಣ್ಣು ತಳ್ಳಿ ಮುಚ್ಚಿದರು. ಹೊಗೆ ನಿಂತಿತು. ಇನ್ನಷ್ಟು ನೀರು ತನ್ನಿ, ಕೆದಕಿ ಹಾಕಿ ಎಂದು ವಾಚರ್ ಹೇಳಿದಾಗ, ಹಾಕುತ್ತೇವೆ ನೀವು ಹೋಗಿ ಎಂದರು. ಆ ಹೊತ್ತಿನಲ್ಲಿ ಕತ್ತಲಲ್ಲಿ ತೊರೆಗೆ ಇಳಿಯುವ ಮನಸ್ಸು ಅವರಿಗೆ ಇರಲಿಲ್ಲ ಎಂದು ಕಾಣುತ್ತದೆ.

ಮಣ್ಣು ಮುಚ್ಚಿದರೆ ಬೆಂಕಿ ಆರಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ಮಣ್ಣು ಕೆಂಡದ ಕಾವನ್ನು ಹೊರಗೆ ಬಿಡದೆ ಒಳಗೇ ಹಿಡಿದಿಡುತ್ತದೆ. ಕೆಳಗೆ ಒಣಗಿದ ಬೇರು ಇದ್ದರೆ ಕೆಂಡ ಅದಕ್ಕೆ ದಾಟುತ್ತದೆ. ಜ್ವಾಲೆ ಇಲ್ಲ, ಹೊಗೆಯೂ ಇಲ್ಲವೆಂಬಷ್ಟು ಕಡಿಮೆ, ಆದರೂ ಬೇರನ್ನು ಹಿಡಿದು ಇಂಚಿಂಚೇ ಸಾಗುತ್ತದೆ. ಗಂಟೆಗಳ ಮೇಲೆ, ಕೆಲವು ಸಲ ದಿನಗಳ ಮೇಲೆ, ಬೇರು ನೆಲದ ಮೇಲಕ್ಕೆ ಬಂದ ಕಡೆ ಗಾಳಿ ಸಿಕ್ಕಿ ಹೊತ್ತಿಕೊಳ್ಳುತ್ತದೆ. ಬೂದಿ ಮುಚ್ಚಿದ ಕೆಂಡ ಎಂದು ನಾವು ಮನುಷ್ಯರ ಸಿಟ್ಟಿನ ಬಗ್ಗೆ ಹೇಳುತ್ತೇವಲ್ಲ, ಆ ರಾತ್ರಿ ಅದನ್ನು ಕಣ್ಣಾರೆ ಕಂಡೆ.

ನಡುರಾತ್ರಿ ದಾಟಿತ್ತು. ಅಕ್ಕ ನನ್ನ ಕಾಲು ಹಿಡಿದು ಅಲ್ಲಾಡಿಸಿದಳು. "ಏಳೋ, ಮಳೆ ಬರ್ತಿದೆ." ಹೊರಗೆ ಚಟಪಟ ಎನ್ನುವ ಸದ್ದು ಮಳೆಯದೇ ಅನ್ನುವ ಹಾಗಿತ್ತು. ಟೆಂಟಿನ ಬಟ್ಟೆ ಕೆಂಪಾಗಿ ಕಂಡಾಗ ಮಳೆಯಲ್ಲ ಎಂದು ತಿಳಿಯಿತು.

ದಿಬ್ಬದ ಈಚೆ ಹುಲ್ಲು ಉರಿಯುತ್ತಿತ್ತು. ಹತ್ತಿಪ್ಪತ್ತು ಮಾರು ಉದ್ದದ ಬೆಂಕಿಯ ಸಾಲು ನಿಧಾನವಾಗಿ ಕೆಳಮುಖವಾಗಿ ಬರುತ್ತಿತ್ತು. ವಾಚರ್ ಆಗಲೇ ಅಲ್ಲಿದ್ದರು. ಕತ್ತಿಯಿಂದ ಹಸಿ ಸೊಪ್ಪಿನ ರೆಂಬೆಗಳನ್ನು ಕಡಿದು ಕಡಿದು ಹಾಕುತ್ತಿದ್ದರು. ನಮ್ಮನ್ನು ಕಂಡೊಡನೆ ಒಂದೊಂದು ರೆಂಬೆ ಕೈಗೆ ಕೊಟ್ಟು, ಮಾಡುವುದು ಹೇಗೆಂದು ತೋರಿಸಿದರು. ನಾನು ರೆಂಬೆಯನ್ನು ತಲೆಯ ಮೇಲೆ ಎತ್ತಿ ಬಡಿಯಹೊರಟೆ. ಅವರು ನನ್ನ ಮುಂಗೈ ಹಿಡಿದು ಕೆಳಗೆ ಒತ್ತಿದರು. "ಎತ್ತಿ ಹೊಡೆದ್ರೆ ಕಿಡಿ ಹಾರ್ತದೆ, ಆಚೆ ಕಡೆ ಹತ್ತಿಕೊಳ್ತದೆ. ಒತ್ತಿ ಎಳೀಬೇಕು. ಸುಟ್ಟ ಕಡೆಗೆ ಎಳೀಬೇಕು." ರೆಂಬೆಯನ್ನು ಉರಿಯ ಮೇಲೆ ಮೆಲ್ಲಗೆ ಇಟ್ಟು, ಉಸಿರು ಕಟ್ಟುವ ತನಕ ಒತ್ತಿ ಹಿಡಿದು, ಕಪ್ಪಾದ ನೆಲದ ಕಡೆಗೆ ಗುಡಿಸಿದ ಹಾಗೆ ಎಳೆಯುವುದು. ಉರಿಯ ಎದುರು ನಿಲ್ಲಬಾರದು, ಸುಟ್ಟ ಕಪ್ಪಿನಲ್ಲೇ ನಿಲ್ಲಬೇಕು. ಅಲ್ಲಿ ಸುಡಲು ಇನ್ನೇನೂ ಉಳಿದಿರುವುದಿಲ್ಲ, ಗಾಳಿ ತಿರುಗಿದರೂ ಜೀವ ಉಳಿಯುತ್ತದೆ. ಸಾಲಿನ ನಡುವಿನಿಂದ ಹಿಡಿಯಬಾರದು, ತುದಿಯಿಂದ ಸುತ್ತಿಕೊಂಡು ಬರಬೇಕು.

ಹೇಳುವುದು ಸುಲಭ. ಕಾವಿಗೆ ಹುಬ್ಬಿನ ಕೂದಲು ಸುರುಟಿದವು. ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ರೆಂಬೆಯ ಎಲೆಗಳು ಹತ್ತು ಹದಿನೈದು ಸಲ ಒತ್ತುವಷ್ಟರಲ್ಲಿ ಬಾಡಿ ಗರಿಗರಿಯಾಗಿ, ಅವೇ ಹೊತ್ತಿಕೊಳ್ಳುವ ಹಂತಕ್ಕೆ ಬರುತ್ತಿದ್ದವು. ಅದನ್ನು ಬಿಸುಟು ಇನ್ನೊಂದು ಹಿಡಿಯುವುದು. ನನ್ನ ಕಾಲಬುಡದ ಹುಲ್ಲುಗಂಟಿಯಿಂದ ಹಕ್ಕಿಯೊಂದು ಬುರ್ರೆಂದು ಎದ್ದು ಹೊಗೆಯೊಳಗೆ ಹೋಯಿತು. ಅದರ ಗೂಡು ಅಲ್ಲಿತ್ತೋ ಏನೋ, ನೋಡಲು ಪುರುಸೊತ್ತಿರಲಿಲ್ಲ.

ವಾಚರಿಗೆ ಉರಿಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಕೈ ಕೆಲಸ ಮಾಡುತ್ತಿದ್ದರೂ ಮತ್ತೆ ಮತ್ತೆ ಪೂರ್ವಕ್ಕೆ ಕತ್ತೆತ್ತಿ ನೋಡುತ್ತಿದ್ದರು. ಬೆಟ್ಟದಲ್ಲಿ ರಾತ್ರಿ ತಣ್ಣನೆಯ ಗಾಳಿ ಮೇಲಿನಿಂದ ಕಣಿವೆಗೆ ಇಳಿಯುತ್ತದೆ, ಬಿಸಿಲು ಬಿದ್ದ ಮೇಲೆ ಕಣಿವೆಯಿಂದ ಮೇಲಕ್ಕೆ ಏರುತ್ತದೆ. ಇಳಿಜಾರಿನಲ್ಲಿ ಕೆಳಕ್ಕೆ ಬರುವ ಬೆಂಕಿ ತೆವಳುತ್ತದೆ. ಮೇಲಕ್ಕೆ ಹೋಗುವ ಬೆಂಕಿ ತನ್ನ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿಕೊಂಡು ಓಡುತ್ತದೆ. ಸೂರ್ಯ ಏರುವುದರೊಳಗೆ ಆರದಿದ್ದರೆ ಮೇಲಿನ ಶೇಷಪರ್ವತದವರೆಗೂ ತಡೆಯುವವರಿಲ್ಲ. ಕೆಳಗೆ ಇಳಿದರೆ ಅಲ್ಲಿ ಕಾಡು, ಬೆತ್ತದ ಪೊದೆಗಳಿರುವ ತಂಪು ಕಣಿವೆಗಳು. "ಎರಡೂ ಕಡೆ ನಮ್ಮದೇ" ಎಂದರು ಒಮ್ಮೆ, ಯಾರಿಗೆಂದಿಲ್ಲದೆ.

ಆಗ ಮೇಷ್ಟ್ರು ಕೈಗುದ್ದಲಿ ಹೊರತೆಗೆದರು. ಉರಿ ಬರುತ್ತಿದ್ದ ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಕೆಳಗೆ ಅಕ್ಕನೂ ಅವರೂ ಹುಲ್ಲನ್ನು ಬುಡಸಮೇತ ಕಿತ್ತು, ಮಣ್ಣು ಕಾಣುವಂತೆ ಒಂದು ಮಾರಿನಷ್ಟು ಅಗಲದ ಗೆರೆ ಕೆರೆಯುತ್ತಾ ಹೋದರು. ಒಬ್ಬರು ಗುದ್ದಲಿ, ಒಬ್ಬರು ಬರಿಗೈ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಕಾಡಿನುದ್ದಕ್ಕೂ ಮಾಡುವ ಬೆಂಕಿ ರೇಖೆಯೂ ಇದೇ ತತ್ವದ್ದು. ಸುಡಲು ಏನೂ ಸಿಗದ ಕಡೆ ಬೆಂಕಿ ನಿಲ್ಲುತ್ತದೆ.

ಹುಡುಗರ ವಿಷಯ ಹೇಳಬೇಕು. ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿ ಕತ್ತಲಲ್ಲೇ ಕುಕ್ಕೆಯ ದಾರಿ ಹಿಡಿದಿದ್ದರು. ಉಳಿದವರು ಬಂದು ನಮ್ಮ ಜೊತೆ ರೆಂಬೆ ಹಿಡಿದರು. ಅವರಲ್ಲಿ ಒಬ್ಬ, ಸಂಜೆ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದವನು, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದರೂ ಬಿಡಲಿಲ್ಲ. ಅಳುತ್ತಲೇ ಬಡಿಯುತ್ತಿದ್ದ. ವಾಚರ್ ಅವನ ಪಕ್ಕದಲ್ಲಿ ನಿಂತು, "ಒತ್ತಿ ಎಳಿ ಮಗಾ, ಒತ್ತಿ ಎಳಿ" ಎನ್ನುತ್ತಿದ್ದರು.

ಮೂಡಣ ಬೆಳ್ಳಗಾಗುವ ಹೊತ್ತಿಗೆ ಕೊನೆಯ ಉರಿ ಗೆರೆಯ ಮಣ್ಣಿಗೆ ಬಂದು ಮುಟ್ಟಿ ಸತ್ತಿತು. ನಾವು ಅಲ್ಲಲ್ಲೇ ಕುಸಿದು ಕೂತೆವು. ಮುಗಿಯಿತು ಎಂದುಕೊಂಡೆವು. ವಾಚರ್ ಕೂರಲಿಲ್ಲ. ಕೊಡ ತೆಗೆದುಕೊಂಡು ತೊರೆಗೆ ನಡೆದರು.

ಆಮೇಲಿನ ಕೆಲಸಕ್ಕೆ ಬೆಂಕಿ ಆರಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬೊಡ್ಡೆಯ ಬುಡದಿಂದ ಶುರುಮಾಡಿ ಒಂದೊಂದು ಬೇರನ್ನೂ ಅಗೆದು ಹೊರಗೆ ತೆಗೆಯುವುದು, ನೀರು ಹಾಕುವುದು, ಕಲಸುವುದು, ಮತ್ತೆ ನೀರು ಹಾಕುವುದು. ನೀರು ಬಿದ್ದಾಗ ಮಣ್ಣು ಚುಂಯ್ ಎಂದರೆ ಇನ್ನೂ ಕೆಂಡ ಇದೆ ಎಂದರ್ಥ. ಸದ್ದು ನಿಂತ ಮೇಲೆ ಅವರು ಅಂಗೈಯ ಹಿಂಭಾಗವನ್ನು ಮೊದಲು ಮಣ್ಣಿನ ಸಮೀಪ ಹಿಡಿದು, ಆಮೇಲೆ ಮೆಲ್ಲಗೆ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿದ್ದರೂ ಸಾಲದು, ತಣ್ಣಗಿರಬೇಕು. ಬೊಡ್ಡೆಯಿಂದ ಬೆಂಕಿ ಮೇಲೆದ್ದ ಜಾಗಕ್ಕೆ ನಾಲ್ಕು ಹೆಜ್ಜೆ ದೂರವಿತ್ತು. ಅಷ್ಟು ದೂರವನ್ನು ಅದು ನೆಲದೊಳಗೇ ನಡೆದು ಬಂದಿತ್ತು. ಬೇರು ಇದ್ದ ಕಡೆ ಬೂದಿ ತುಂಬಿದ ಕೊಳವೆ ಮಾತ್ರ ಉಳಿದಿತ್ತು. ಕೈ ಬೊಬ್ಬೆಯ ಹುಡುಗ ಅದರೊಳಗೆ ಕಡ್ಡಿ ಹಾಕಿ ನೋಡಿ, "ಇಲ್ಲಿಂದ ಇಲ್ಲಿವರೆಗಾ ಸರ್?" ಎಂದು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ಅವನಿಗೆ ಬೈಯಬಹುದೆಂದು ನಾನು ಕಾದೆ. ಅವರು ಗುದ್ದಲಿ ಅವನ ಕೈಗೆ ಕೊಟ್ಟರು.

ಈ ಕಥೆ ಹೇಳಿದಾಗ ನಮ್ಮ ಮನೆಯ ಹುಡುಗರು ಕೇಳುವ ಪ್ರಶ್ನೆ ಒಂದಿದೆ. ಚಿಕ್ಕಪ್ಪಾ, ಕಾಡಿನಲ್ಲಿ ಬೆಂಕಿಯೇ ಇಲ್ಲದಿದ್ದರೆ ಕ್ಯಾಂಪಿಂಗ್ ಏನು ಚೆಂದ? ನನಗೆ ಈ ವಿಷಯದಲ್ಲಿ ರಾಜಿ ಇಲ್ಲ. ಬೆಂಕಿ ಕಾಯಿಸುವ ಸುಖ ನನಗೂ ಗೊತ್ತು, ಮಲೆನಾಡಿನ ಬಚ್ಚಲೊಲೆಯ ಮುಂದೆ ಬೆಳೆದವನು ನಾನು. ಆ ಸುಖಕ್ಕೆ ಮನೆ ಇದೆ, ಅಂಗಳ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಧಾಮಗಳಿಗೆ ಬೆಂಕಿ ಇಡುವುದನ್ನಷ್ಟೇ ಅಲ್ಲ, ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನೂ ನಿಷೇಧಿಸುತ್ತದೆ. ಆ ಮೂರನೆಯದನ್ನು ಬರೆದವರಿಗೆ ಬೇರಿನ ಬೆಂಕಿ ಗೊತ್ತಿದ್ದಿರಬೇಕು.

2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಾಳ್ಗಿಚ್ಚು ಆರಿಸಲು ಹೋದ ಯುವ ಗಾರ್ಡ್ ಒಬ್ಬರು ಬೆಂಕಿಯ ನಡುವೆ ಸಿಕ್ಕಿ ತೀರಿಕೊಂಡ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಮರುವರ್ಷ ಮಾರ್ಚಿನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಇಂಥದೇ ಒಣ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಬಲಿಯಾದರು. ಅವರಲ್ಲಿ ಬಹುಪಾಲು ಯುವಜನರು. ಮಧ್ಯಾಹ್ನದ ಗಾಳಿ, ಮೇಲೇರುವ ಉರಿ. ನಮಗೆ ಆ ರಾತ್ರಿ ಸಿಕ್ಕ ಹಾಗೆ ಇಳಿಗಾಳಿಯ ಕೆಲವು ಗಂಟೆಗಳು ಅವರಿಗೆ ಸಿಗಲಿಲ್ಲ.

ಈಗ ಕುಮಾರಪರ್ವತದ ಸ್ಥಿತಿ ಬೇರೆ. ಅದು ಇರುವ ಪುಷ್ಪಗಿರಿ ವನ್ಯಜೀವಿ ಧಾಮ 2012ರಲ್ಲಿ ಪಶ್ಚಿಮ ಘಟ್ಟದ ಉಳಿದ ತಾಣಗಳ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಆ ಹಾದಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ಜನರ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸುವ, ದಿನಕ್ಕೆ ಇಷ್ಟೇ ಜನ ಎಂಬ ಕಟ್ಟಳೆ ತಂದಿತು. ಕಂಡಕಂಡಲ್ಲಿ ಟೆಂಟು ಹಾಕಿ ರಾತ್ರಿ ಕಳೆಯುವ ಕಾಲ ಮುಗಿಯಿತು. ಕಾಡು ಸಾರ್ವಜನಿಕರದ್ದು, ನಮಗೇಕೆ ತಡೆ ಎಂದು ಕೆಲವರು ವಾದಿಸುತ್ತಾರೆ. ಸಾರ್ವಜನಿಕ ಎಂದಮೇಲೆ ಇನ್ನೂ ಹುಟ್ಟದವರದೂ ಹೌದು. ನನಗೆ ಆ ಕಟ್ಟಳೆ ಬಂದದ್ದು ಸಂತೋಷ. ಬೇಗ ಬರಬೇಕಿತ್ತು.

ಗಿರಿಗದ್ದೆಗೆ ಹಿಂತಿರುಗುತ್ತೇನೆ. ಆ ದಿನ ನಾವು ಮೇಲೆ ಹೋಗಲಿಲ್ಲ. ಕಲ್ಲುಮಂಟಪ, ಶೇಷಪರ್ವತ, 1712 ಮೀಟರಿನ ತುದಿ ಎಲ್ಲ ಮೇಲೆಯೇ ಉಳಿದವು. ಹುಡುಗರ ಟೆಂಟಿದ್ದ ಜಾಗದಲ್ಲಿ ಬಿದ್ದಿದ್ದ ಕವರು, ಬಾಟಲಿ, ಕೋಳಿ ಮೂಳೆಗಳನ್ನು ಅಕ್ಕ ಮೇಷ್ಟ್ರ ಖಾಲಿ ಚೀಲಕ್ಕೆ ತುಂಬಿದಳು. ಮೂಳೆ ಕೊಳೆಯುತ್ತದಲ್ಲ, ಯಾಕೆ ಹೊರುತ್ತೀ ಎಂದ ಭಾವನಿಗೆ, ವಾಸನೆ ಹಿಡಿದು ಹಂದಿ ಬರುತ್ತದೆ, ಹಂದಿಗೆ ಟೆಂಟಿನ ಜಾಗ ರೂಢಿಯಾದರೆ ಮುಂದಿನ ಸಲ ಬಂದವರನ್ನೇ ಹಾಯುತ್ತದೆ ಎಂದಳು. ಎಲ್ಲಿ ಕಲಿತಳೋ. ಚೀಲ ಹೊತ್ತು ಕುಕ್ಕೆಯವರೆಗೂ ಇಳಿಸಿದವನು ಆ ಕೈ ಬೊಬ್ಬೆಯ ಹುಡುಗ. ಹಳೆಯ ಪಂಚೆಯ ತುಂಡಿನಿಂದ ಅವನ ಕೈಗೆ ಪಟ್ಟಿ ಕಟ್ಟಿಕೊಟ್ಟವರು ವಾಚರ್.

ಹೊರಡುವಾಗ ಮೇಷ್ಟ್ರು ಅವರಿಗೆ ಏನೋ ಕೊಡಹೋದರು, ಅವರು ತೆಗೆದುಕೊಳ್ಳಲಿಲ್ಲ. "ನೀವು ಈ ತಿಂಗಳು ಬರ್ಬಾರ್ದಿತ್ತು ಸರ್. ಮಳೆ ನಿಂತ ಮೇಲೆ ಬನ್ನಿ, ಹುಲ್ಲು ಹಸಿ ಇರ್ತದೆ, ನೀರೂ ಉಂಟು" ಎಂದರು. ಮೇಷ್ಟ್ರು ಕೈಗುದ್ದಲಿಯನ್ನು ಕಟ್ಟೆಯ ಗೋಡೆಗೆ ಒರಗಿಸಿ ಅಲ್ಲೇ ಬಿಟ್ಟರು. ಅದನ್ನು ಅವರು ಬೇಡ ಅನ್ನಲಿಲ್ಲ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಮತ್ತೆ ಹೋದೆವು. ಸುಟ್ಟ ಇಳಿಜಾರಿನಲ್ಲಿ ಹುಲ್ಲು ಮೊಣಕಾಲು ದಾಟಿ ಎದ್ದಿತ್ತು, ಎಲ್ಲಿ ಸುಟ್ಟಿತ್ತೆಂದು ಹುಡುಕಬೇಕಾಯಿತು. ಶೋಲೆಯ ಅಂಚಿನಲ್ಲಿ ಹುಡುಕಬೇಕಾಗಲಿಲ್ಲ. ಅಲ್ಲಿ ಐದಾರು ಮರಗಳು ತೊಗಟೆ ಸುಲಿದು ನಿಂತಿದ್ದವು, ಹುಲ್ಲು ಅವುಗಳ ಬುಡದವರೆಗೂ ಬಂದಿತ್ತು. ಹುಲ್ಲು ಬೆಂಕಿಯಿಂದ ಎದ್ದು ಬರುತ್ತದೆ, ಶೋಲೆಯ ಮರ ಬರುವುದಿಲ್ಲ. ಪ್ರತಿ ಬೆಂಕಿಗೂ ಕಾಡು ಹೀಗೆ ಒಂದಿಷ್ಟು ಹಿಂದೆ ಸರಿಯುತ್ತದೆ ಎಂದು ಮೇಷ್ಟ್ರು ಅಕ್ಕನಿಗೆ ತೋರಿಸುತ್ತಿದ್ದರು.

ವಾಚರ್ ನಮ್ಮ ಗುರುತು ಹಿಡಿದರು. ಟೆಂಟು ಹಿಂದಿನ ಜಾಗದಲ್ಲೇ ಹಾಕಿ ಎಂದರು. ಸಂಜೆ ಕೂತು ಮಾತಾಡೋಣ ಎಂದದ್ದಕ್ಕೆ, "ಇಲ್ಲ, ನಾನು ಇವತ್ತು ಸಿಗೋದಿಲ್ಲ. ಷಷ್ಠಿ ಹತ್ತಿರ ಬಂತಲ್ಲ, ಬೆತ್ತಕ್ಕೆ ಹೋಗ್ಲಿಕ್ಕುಂಟು" ಎಂದು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿನ ಕಾಡಿನ ಕಡೆಗೆ ಇಳಿದರು.